ಬೋರಲು ಹಂಡೆ

ನನ್ನ ಅಂಗೈಗಳು ಪೂರ್ತಿ ಬಿಚ್ಚುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಸುಟ್ಟ ಚರ್ಮ ಎಳೆದುಕೊಂಡು ಬೆರಳುಗಳು ಅರ್ಧ ಮಡಚಿದಲ್ಲೇ ನಿಂತುಬಿಟ್ಟಿವೆ. ಚರ್ಚಿಗೆ ಬರುವ ಹುಡುಗಿಯರು, "ಡೆಲ್ಫಿ ಅಜ್ಜಿ, ನೀವು ಯಾವಾಗ್ಲೂ ಏನೋ ಬೇಡ್ತಾ ಇರೋ ಥರ ಕಾಣ್ತೀರಪ್ಪ" ಎಂದು ನಗುತ್ತಾರೆ. ನಗಲಿ. ನಾನು ಬೇಡಿದ್ದು ಒಂದೇ ಸಲ, ಅದೂ ಕೈ ಸುಡುವ ಹಿಂದಿನ ದಿನ.

ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಆ ಯುದ್ಧ ಯಾಕಾಯಿತು ಎಂದು ಈಗ ಪುಸ್ತಕಗಳಲ್ಲಿ ಏನೇನೋ ಬರೆಯುತ್ತಿದ್ದಾರಂತೆ. ತೆರಿಗೆಯಂತೆ, ರಾಜ್ಯಗಳ ಹಕ್ಕಂತೆ, ಮಾನ ಮರ್ಯಾದೆಯಂತೆ. ನಾನು ಓದಿದವಳಲ್ಲ. ಆದರೆ ಒಂದು ಮನೆಯ ಮಟ್ಟಿಗೆ ಅದು ಯಾವ ಗಳಿಗೆಯಲ್ಲಿ, ಯಾವ ಮಾತಿಗೆ ಶುರುವಾಯಿತು ಎಂಬುದನ್ನು ಒಲೆಯ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಮಾತು ಬಂದದ್ದು ಒಂದು ಹಂಡೆಯೊಳಗಿನಿಂದ. ನಂಬುವವರು ನಂಬಲಿ, ಬಿಡುವವರು ಬಿಡಲಿ.

ಹಂಡೆ ನಮ್ಮ ಕೇರಿಯ ಮುದುಕಿ ಕೆಜಾಯತ್ತೆಯದು. ಮೂರು ಕಾಲಿನ, ಮಗು ಕೂರುವಷ್ಟು ಅಗಲ ಬಾಯಿಯ ಕರಿ ಕಬ್ಬಿಣದ ಹಂಡೆ. ಅವಳ ತಾಯಿ ವರ್ಜೀನಿಯಾದಿಂದ ಧಣಿಯ ಬಂಡಿಯ ಹಿಂದೆ ಬೆಟ್ಟ ಹತ್ತಿ ಇಳಿದು ನಡೆದು ಬಂದಾಗ ಅದನ್ನು ತಲೆಯ ಮೇಲೆ ಬೋರಲು ಹೊತ್ತು ತಂದಿದ್ದಳಂತೆ. ಶನಿವಾರ ಸಂಜೆ ನಾವು ಗುಲಾಮರು ಕೆಜಾಯತ್ತೆಯ ಗುಡಿಸಲಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಬಿಳಿಯರು ಇಲ್ಲದ ಕಡೆ ನಾಲ್ಕು ಮಂದಿ ಕರಿಯರು ಕೂಡಿದರೆ ಬೆನ್ನ ಚರ್ಮ ಹೋಗುತ್ತಿದ್ದ ಕಾಲ. ಅದಕ್ಕೇ ಹಂಡೆಯನ್ನು ಬಾಗಿಲ ಬಳಿ ಬೋರಲು ಹಾಕಿ, ಅಂಚಿನ ಕೆಳಗೆ ಬೆರಳು ತೂರುವಷ್ಟು ಸಂದಿ ಬಿಡುವಂತೆ ಒಂದು ಕಲ್ಲು ಇಡುತ್ತಿದ್ದೆವು. ನಮ್ಮ ದನಿಯೆಲ್ಲ ಆ ಸಂದಿಯಲ್ಲಿ ಒಳಹೋಗುತ್ತಿತ್ತು. ಹತ್ತು ಮಾರು ದೂರದ ದೊಡ್ಡ ಮನೆಗೆ ಪಿಸುಮಾತೂ ತಲುಪುತ್ತಿರಲಿಲ್ಲ. ಹೊಳೆಯ ಉದ್ದಕ್ಕೂ ಎಲ್ಲ ಕೇರಿಗಳಲ್ಲೂ ಹೀಗೇ ಮಾಡುತ್ತಿದ್ದರು, ನನ್ನ ವಯಸ್ಸಿನವರು ಯಾರು ಉಳಿದಿದ್ದರೂ ಕೇಳಿ ನೋಡಿ. ಆದರೆ ಮಿಕ್ಕವರು ಬೆಳಗಾದರೆ ಅದೇ ಹಂಡೆ ತೊಳೆದು ಜೋಳದ ಗಂಜಿಗೆ ಇಡುತ್ತಿದ್ದರು. ಕೆಜಾಯತ್ತೆ ಮಾತ್ರ ತನ್ನ ಹಂಡೆಯನ್ನು ಯಾರಿಗೂ ಎತ್ತಲು ಬಿಟ್ಟವಳಲ್ಲ.

"ಒಳಗೋಗಿದ್ದು ಎಲ್ಲಿಗೂ ಹೋಗಿಲ್ಲ ಕಣೇ," ಎನ್ನುತ್ತಿದ್ದಳು. "ಅಲ್ಲೇ ಕೂತೈತೆ, ಮೊದಲು ಬಂದಿದ್ದು ಮೊದಲು. ಬಾಯಿ ಮೇಲೆ ಮಾಡಿದ್ರೆ ಎದ್ದು ಹೋಗ್ಬಿಡ್ತದೆ. ಒಂದ್ಸಲ ಹೋದ್ರೆ ಮುಗೀತು."

"ಹಂಗಾದ್ರೆ ನಿನ್ನ ಗೊರಕೇನೂ ಅದರಲ್ಲೇ ಇರ್ಬೇಕಲ್ಲತ್ತೆ" ಎಂದು ನನ್ನ ತಂಗಿ ಟೆಂಪಿ ರೇಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ದಪ್ಪ ಗೋಡೆ ಸದ್ದನ್ನು ತಡೆಯುವ ಹಾಗೆ ಹಂಡೆಯೂ ತಡೆಯುತ್ತದೆ ಅಷ್ಟೇ, ಉಳಿದದ್ದು ಮುದುಕಿಯ ಹಟ ಎಂದು ನನ್ನ ಲೆಕ್ಕ. ಆಗ ನನಗೆ ಇಪ್ಪತ್ತೊಂದು, ಟೆಂಪಿಗೆ ಹದಿನಾರು. ಟೆಂಪಿ ಕೈಗೂಸಾಗಿದ್ದಾಗಲೇ ನಮ್ಮಮ್ಮನನ್ನು ಮಾರಿದ್ದರು. ಅವಳ ಮುಖ ನನಗೆ ನೆನಪಿಲ್ಲ.

ನಮ್ಮ ಧಣಿಯ ಮನೆತನ ಹಾರ್ಬಿಸನ್. ಸೆಣಬು, ಹೊಗೆಸೊಪ್ಪು ಬೆಳೆಯುವ ದೊಡ್ಡ ಜಮೀನು. ಹೊಳೆಯ ಈಚೆ ದಡ ಕೆಂಟಕಿ, ಅಲ್ಲಿ ನಾವು ಸೊತ್ತು. ಆಚೆ ದಡ ಓಹಾಯೋ, ಅಲ್ಲಿ ಮನುಷ್ಯರು. ನಡುವೆ ಅರ್ಧ ಮೈಲಿ ಕೆಸರು ನೀರು. ಹಿರಿಯ ಧಣಿಗೆ ಇಬ್ಬರು ಗಂಡುಮಕ್ಕಳು, ಲೂಷಿಯಸ್ ಮತ್ತು ಥೆರಾನ್. ಥೆರಾನ್ ಹುಟ್ಟುವಾಗಲೇ ತಾಯಿ ತೀರಿಕೊಂಡದ್ದರಿಂದ ಇಬ್ಬರನ್ನೂ ಎತ್ತಿ ಆಡಿಸಿದವಳು ಕೆಜಾಯತ್ತೆ. ಬೆಳೆದ ಮೇಲೆ ಲೂಷಿಯಸ್ ದಕ್ಷಿಣದ ಕಡೆಯವನಾದ, ಮಿಸಿಸಿಪಿಯ ಹತ್ತಿಯ ಧಣಿಯೊಬ್ಬನ ಮಗಳನ್ನು ಮದುವೆಯಾದ. ಥೆರಾನ್ ಹೊಳೆಯಾಚೆಯ ಕಾಲೇಜಿನಲ್ಲಿ ಓದಿ, ಗುಲಾಮಗಿರಿ ಮಹಾಪಾಪ ಎಂದು ಹೇಳುತ್ತಾ ಮನೆಗೆ ಬಂದ. ನಾವು ಬೇಯಿಸಿದ್ದನ್ನು ಉಂಡು, ನಾವು ಒಗೆದ ಅಂಗಿ ತೊಟ್ಟುಕೊಂಡೇ ಹೇಳುತ್ತಿದ್ದ ಅನ್ನಿ.

ಊರಿನ ಚರ್ಚು ಅವರಿಗಿಂತ ಮೊದಲೇ ಎರಡಾಗಿತ್ತು. ಗುಲಾಮರನ್ನು ಇಟ್ಟುಕೊಂಡವನು ಉಪದೇಶಿ ಆಗಬಹುದೇ ಬಾರದೇ ಎಂದು ಜಗಳ ಹತ್ತಿ, ಯಾರೂ ಕಟ್ಟಡ ಬಿಟ್ಟುಕೊಡಲು ಒಪ್ಪದೆ, ಕೊನೆಗೆ ನಟ್ಟನಡುವೆ ಮರದ ಹಲಗೆಯ ಗೋಡೆ ಹಾಕಿಸಿದರು. ಎಡಗಡೆ ಉತ್ತರದವರು, ಬಲಗಡೆ ದಕ್ಷಿಣದವರು. ಹಲಗೆ ಮಾಳಿಗೆಯವರೆಗೆ ಮುಟ್ಟಿರಲಿಲ್ಲ. ಮೇಲೆ ಅಟ್ಟದಲ್ಲಿ ಕೂರುತ್ತಿದ್ದ ನಮಗೆ ಎರಡೂ ಕಡೆಯ ಬೋಳುತಲೆಗಳು ಕಾಣುತ್ತಿದ್ದವು. ಎರಡೂ ಕಡೆ ಒಂದೇ ಹಾಡು, ಒಂದು ಸಾಲು ಹಿಂದು ಮುಂದು. "ದೇವ್ರು ಯಾವ ಕಡೆ ಕೇಳಿಸ್ಕೊಂತಾನೋ ಪಾಪ, ತಲೆನೋವು ಬಂದಿರ್ತದೆ" ಎಂದು ಟೆಂಪಿ ಪಿಸುಗುಟ್ಟಿ ನನ್ನನ್ನು ನಗಿಸುತ್ತಿದ್ದಳು. ಹಲಗೆಯ ಆ ಕಡೆ ಲೂಷಿಯಸ್ ಕೂರುತ್ತಿದ್ದ, ಈ ಕಡೆ ಥೆರಾನ್. ಆರಾಧನೆ ಮುಗಿದ ಮೇಲೆ ಒಂದೇ ಬಂಡಿಯಲ್ಲಿ ಮನೆಗೆ ಬಂದು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಹಿರಿಯ ಧಣಿ ತೀರಿಕೊಂಡ. ಏಪ್ರಿಲ್‌ನಲ್ಲಿ, ದೂರದ ಬಂದರಿನ ಕೋಟೆಯ ಮೇಲೆ ದಕ್ಷಿಣದವರು ಫಿರಂಗಿ ಹಾರಿಸಿದ ಸುದ್ದಿ ಬಂದ ವಾರವೇ, ಆಸ್ತಿ ಪಾಲು ಮಾಡಲು ವಕೀಲ ಬಂದ. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಥೆರಾನ್ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ, "ನನ್ನ ಪಾಲಿಗೆ ಒಬ್ಬ ಮನುಷ್ಯನೂ ಬೇಡ. ಆ ಪಾಪ ನಾನು ಮುಟ್ಟಲ್ಲ. ಬಿಟ್ಟುಕೊಟ್ಟಿದೀನಿ ಅಂತ ಬರ್ಕೊಳ್ಳಿ."

ವಕೀಲ ಬರೆದುಕೊಂಡ. ಬಿಟ್ಟುಕೊಟ್ಟದ್ದು ಯಾರಿಗೆ? ಅಣ್ಣನಿಗೆ. ಅರ್ಧ ಜನರಾದರೂ ಅವನ ಪಾಲಿಗೆ ಬಂದಿದ್ದರೆ ಒಂದು ರುಜು ಹಾಕಿ ಬಿಡುಗಡೆ ಮಾಡಬಹುದಿತ್ತು. ಅದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಮುಟ್ಟುವುದೇ ಮೈಲಿಗೆ ಅನ್ನಿಸಿತೋ. ಅವನು ಕೈ ತೊಳೆದುಕೊಂಡ ನೀರು ನಮ್ಮ ತಲೆಯ ಮೇಲೆ ಬಿತ್ತು. ಲೂಷಿಯಸ್‌ಗಿಂತ ನನಗೆ ಅವನ ಮೇಲೇ ಹೆಚ್ಚು ಸಿಟ್ಟು, ಇವತ್ತಿಗೂ.

ಅರ್ಧ ಗಂಟೆಯೊಳಗೆ ಲೂಷಿಯಸ್ ತೀರ್ಮಾನ ಹೇಳಿದ. ಸೋಮವಾರದ ಹಡಗಿನಲ್ಲಿ ಅವನ ಹೆಂಡತಿ ಮಿಸಿಸಿಪಿಗೆ ಹೊರಡುತ್ತಾಳೆ, ಅವಳ ಸೇವೆಗೆ ಟೆಂಪಿ. ಉಳಿದವರು ಬೆಳೆ ಕೊಯ್ದ ಮೇಲೆ. ಕೆಜಾಯತ್ತೆಯೂ ನಾನೂ ಇಲ್ಲೇ ಮನೆ ನೋಡಿಕೊಂಡು ಇರಬೇಕು. ಮಿಸಿಸಿಪಿಗೆ ಹೋದವರಲ್ಲಿ ಒಬ್ಬರಾದರೂ ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ.

ಈನೋಸ್ ಎಂಬುವನೊಬ್ಬ ಆಚೆ ದಡದ ಸ್ವತಂತ್ರ ಕರಿಯ, ವಾರಕ್ಕೆರಡು ಸಲ ನಮ್ಮ ಅಡುಗೆಮನೆಗೆ ಮೀನು ಮಾರಲು ಬರುತ್ತಿದ್ದ. ಶನಿವಾರ ಬಂದವನ ಕಿವಿಗೆ ಕೆಜಾಯತ್ತೆ ವಿಷಯ ಹಾಕಿದಳು. ಭಾನುವಾರ ಲೂಷಿಯಸ್ ನೆರೆಯವರಿಗೆಲ್ಲ ಔತಣ ಇಟ್ಟಿದ್ದ. ಊಟದ ಗದ್ದಲದಲ್ಲಿ ಯಾರು ಎಲ್ಲಿದ್ದಾರೆ ಎಂದು ಯಾರೂ ನೋಡುವುದಿಲ್ಲ. ಹಾಡಹಗಲು ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಹೊಳೆಗೆ ಹೋಗುವ ಹುಡುಗಿಯನ್ನು ತಡೆಯುವವರೂ ಇಲ್ಲ. ದಡದ ನೀರಂಜಿ ಮರದ ಕೆಳಗೆ, ಟೆಂಪಿಯನ್ನು ಆಚೆಗೆ ದಾಟಿಸಲು, ಈನೋಸ್‌ನ ದೋಣಿ ಇರುತ್ತದೆ.

ಆ ಸಂಜೆ ಹಂಡೆ ಬೋರಲು ಹಾಕಿ ಎಲ್ಲರೂ ಕುಳಿತೆವು. ಈನೋಸ್ ಕೂಡ ಇದ್ದ. ಕೆಜಾಯತ್ತೆಗೆ ಎರಡು ದಿನದಿಂದ ಜ್ವರ, ಆದರೂ ಅವಳೇ ಮೊದಲು ಪ್ರಾರ್ಥಿಸಿದಳು. ಈನೋಸ್ ಪ್ರಾರ್ಥಿಸಿದ. ಟೆಂಪಿಯ ಸರದಿ ಬಂದಾಗ ಅವಳು ನೆಲಕ್ಕೆ ಕೆನ್ನೆ ಹಚ್ಚಿ, ಹಂಡೆಯ ಸಂದಿಗೆ ಬಾಯಿಟ್ಟು, ನಮಗ್ಯಾರಿಗೂ ಕೇಳದ ಹಾಗೆ ಅದೇನೋ ಬಹಳ ಹೊತ್ತು ಪಿಸುಗುಟ್ಟಿದಳು. ನಡುವೆ ಒಂದು ಸಲ ನಕ್ಕಳು.

"ಏನೇ ಅದು ಅಷ್ಟುದ್ದ?" ಎಂದೆ.

"ನಿಂಗ್ಯಾಕೆ? ದೇವ್ರಿಗೂ ನಂಗೂ ಇರೋ ವ್ಯವಹಾರ" ಎಂದಳು.

ಎಲ್ಲರೂ ಎದ್ದು ಹೋದ ಮೇಲೆ ನಾನೂ ಸಂದಿಗೆ ಬಾಯಿಟ್ಟು ಏನೋ ಒಂದು ಕೇಳಿಕೊಂಡೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು. ಮಾರನೆಯ ದಿನದ ಗದ್ದಲದಲ್ಲಿ ಅದನ್ನು ಮರೆತೇಬಿಟ್ಟೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ದೊಡ್ಡ ಹಂಡೆ ತಳ ಸೀಳಿತು. ಮೂವತ್ತು ಜನಕ್ಕೆ ಬರ್ಗೂ ಆಗಬೇಕಿತ್ತು. ಕುರಿಮಾಂಸ, ಅಳಿಲು, ಜೋಳ, ಅವರೆ ಎಲ್ಲ ಒಟ್ಟಿಗೆ ಹಾಕಿ ಬೇಯಿಸುವ ನಮ್ಮ ಕಡೆಯ ಸಾರು ಅದು, ಸಣ್ಣ ಪಾತ್ರೆಯಲ್ಲಿ ಆಗುವಂಥದ್ದಲ್ಲ. ಲೂಷಿಯಸ್ ಅಂಗಳಕ್ಕೆ ಬಂದು ಕೂಗಿದ, "ಆ ಮುದುಕಿ ಗುಡಿಸಲಲ್ಲಿ ಒಂದು ಹಂಡೆ ಬಿದ್ದಿರುತ್ತಲ್ಲ, ತರಿಸೇ ಅದನ್ನ!"

ನಾನು ಇಬ್ಬರು ಆಳುಗಳ ಜೊತೆ ಹೋದೆ. ಕೆಜಾಯತ್ತೆ ಜ್ವರದಲ್ಲಿ ಬೇಯುತ್ತಾ ಮಲಗಿದ್ದಳು. ಹಂಡೆಗೆ ಕೈ ಹಾಕಿದ್ದು ನೋಡಿ ಎದ್ದು ಕೂತಳು.

"ಬೇಡ ಕಣೇ ಡೆಲ್ಫಿ! ಇವತ್ತೊಂದಿನ ಬೇಡ! ನಿನ್ನೆ ಆಡಿದ್ದೆಲ್ಲ ಅದರಾಗೈತೆ!"

"ಏನು ಮಾಡ್ಲಿ ಅತ್ತೆ? ಧಣಿ ಅಂಗಳದಲ್ಲೇ ನಿಂತವ್ನೆ. ಇಲ್ಲ ಅಂದ್ರೆ ಯಾಕೆ ಇಲ್ಲ ಅಂತ ಕೇಳ್ತಾನೆ."

"ಬೋರಲೇ ಹೊತ್ಕೊಂಡೋಗಿ ಹೊಳೇಲಿ ಮುಳುಗಿಸ್ಬಿಡು!"

ಜ್ವರದ ಮಾತು ಎಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ಆಕ್ರೋಟ ಮರದ ಕೆಳಗೆ ಬೆಂಕಿ ಹಾಕಿ, ಹಂಡೆಯನ್ನು ಬಾಯಿ ಮೇಲೆ ಮಾಡಿ ಇಟ್ಟೆವು. ತೊಳೆಯಲು ನೀರು ಸುರಿದಾಗ ಒಳಗಿನಿಂದ ಯಾರೋ ದೀರ್ಘವಾಗಿ ಉಸಿರುಬಿಟ್ಟ ಹಾಗಾಯಿತು. ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅತಿಥಿಗಳು ಮರದ ಕೆಳಗೆ ಮೇಜಿನ ಸುತ್ತ ಕೂತಿದ್ದರು. ಲೂಷಿಯಸ್ ಒಂದು ತುದಿಗೆ, ಥೆರಾನ್ ಇನ್ನೊಂದು ತುದಿಗೆ. ಟೆಂಪಿ ರೊಟ್ಟಿಯ ತಟ್ಟೆ ಇಟ್ಟು, ನನ್ನ ಪಕ್ಕದಲ್ಲಿ ಹಾದುಹೋಗುವಾಗ ನನ್ನ ಮೊಣಕೈ ಚಿವುಟಿ, ಬುಟ್ಟಿ ಎತ್ತಿಕೊಂಡು ಹೊಳೆಯ ದಾರಿ ಹಿಡಿದಳು. ತಿರುಗಿ ನೋಡಬೇಡ ಎಂದು ನಾನೇ ಹೇಳಿಕೊಟ್ಟಿದ್ದೆ, ಅವಳು ನೋಡಲಿಲ್ಲ. ಹೊಳೆಗೆ ಹೋಗಲು ಕಾಲು ಗಂಟೆ, ದಾಟಲು ಅರ್ಧ ಗಂಟೆ. ಅಷ್ಟು ಹೊತ್ತು ಯಾರೂ ಮೇಜು ಬಿಟ್ಟು ಏಳಬಾರದು.

ಸಾರು ಕುದಿಯತೊಡಗಿತು. ಮೊದಲು ಬಂದದ್ದು ಗುನುಗು, ಹಳೆಯ ಕಾಲದ ಹಾಡಿನದು. ಹೊಲದಲ್ಲಿ ಯಾರೋ ಹಾಡುತ್ತಿದ್ದಾರೆ ಎಂದು ಅತಿಥಿಗಳು ಆ ಕಡೆ ನೋಡಿದರು. ಭಾನುವಾರ ಹೊಲದಲ್ಲಿ ಯಾರೂ ಇರುವುದಿಲ್ಲ. ಆಮೇಲೆ ಒಂದೊಂದು ಗುಳ್ಳೆ ಒಡೆದಾಗ ಒಂದೊಂದು ಮಾತು ಬಂತು. ಗಂಡಸಿನ ದನಿ, ಹೆಂಗಸಿನ ದನಿ, ಮಕ್ಕಳನ್ನು ಕಾಪಾಡು ಎನ್ನುವ ದನಿ, ಬೆನ್ನು ಉರಿಯುತ್ತಿದೆ ಎನ್ನುವ ದನಿ.

ಮುದುಕ ಪ್ರೂಯಿಟ್ ಎಂಬ ನೆರೆಯ ಧಣಿ ಚಮಚ ಕೆಳಗಿಟ್ಟ. "ಅದು ಜೂಬಲ್ ದನಿ ಅಲ್ವೇನ್ರೋ? ನಮ್ಮ ಉದ್ದ ಜೂಬಲ್? ಅವನನ್ನ ಮಾರಿ ಇಪ್ಪತ್ತು ವರ್ಷ ಆಯ್ತಲ್ಲ, ಯಾವಾಗ ಬಂದ?"

ಮರದ ಮೇಲಿನ ಕಾಗೆಗಳು ಸದ್ದಿಲ್ಲದೆ ಎದ್ದುಹೋದವು. ಮೊದಲು ಬಂದಿದ್ದು ಮೊದಲು ಎಂದು ಕೆಜಾಯತ್ತೆ ಹೇಳಿದ್ದು ಆಗ ನೆನಪಾಯಿತು. ವರ್ಷಗಳು ಒಂದರ ಹಿಂದೊಂದು ಹತ್ತಿರ ಬರುತ್ತಿದ್ದವು, ಕೊನೆಯಲ್ಲಿ ನಿನ್ನೆಯ ಸಂಜೆ ಇತ್ತು.

ಆಗ ಒಬ್ಬ ಹೆಂಗಸು ಅಳುತ್ತಾ, "ನನ್ನ ಡೆಲ್ಫಿ, ನನ್ನ ಟೆಂಪಿ, ನನ್ನ ಡೆಲ್ಫಿ, ನನ್ನ ಟೆಂಪಿ" ಎಂದಳು. ಅದು ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ನನಗೆ ನೆನಪಿರುವಂತೆ ತಾಯಿಯ ದನಿ ಕೇಳಿದ್ದು ಆ ಒಂದೇ ಸಲ, ಅದೂ ಗಾಳಿಗೆ ಹೋಯಿತು. ಹಿಡಿದಿಟ್ಟುಕೊಳ್ಳಲು ಕೈ ಚಾಚಿದೆ, ಬರೀ ಹಬೆ.

ಅದರ ಬೆನ್ನಿಗೇ ಒಬ್ಬ ಹುಡುಗನ ಬಿಕ್ಕಳಿಕೆ. "ದೇವ್ರೇ, ನಾನು ಲೂಷಿಯಸ್. ಅಪ್ಪ ಟೆಂಪಿ ಅಮ್ಮನ್ನ ಮಾರ್ಬಿಟ್ರು. ನಾನು ದೊಡ್ಡೋನಾದ್ಮೇಲೆ ಯಾರನ್ನೂ ಮಾರಲ್ಲ. ಕೆಜಾಯನ್ನ ಬಿಟ್ಬಿಡ್ತೀನಿ, ಈ ಪುಟ್ಟೀನೂ ಬಿಟ್ಬಿಡ್ತೀನಿ. ಆಣೆ."

ಇನ್ನೂ ಚಿಕ್ಕ ದನಿ ಒಂದು, "ನಾನು ಥೆರಾನ್. ಅಣ್ಣ ಮರೆತ್ರೆ ನಾನು ನೆನಪಿಸ್ತೀನಿ. ಆಣೆ" ಎಂದಿತು.

ಮೇಜಿನ ಎರಡೂ ತುದಿಗಳಲ್ಲಿ ಇಬ್ಬರೂ ಬಿಳಿಚಿಕೊಂಡು ಕೂತಿದ್ದರು. ಚಿಕ್ಕಂದಿನಲ್ಲಿ ಕದ್ದು ಗುಡಿಸಲಿಗೆ ಬಂದು ನಮ್ಮ ಜೊತೆ ಮೊಣಕಾಲೂರಿದ್ದು ಅವರಿಗೆ ನೆನಪಿದ್ದಿತೋ ಇಲ್ಲವೋ, ತಮ್ಮ ದನಿ ಗುರುತು ಸಿಗದಿರುತ್ತದೆಯೇ? ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅವತ್ತು ಅದನ್ನು ನಾನೇ ಬಡಿಸಬೇಕಾಗಿ ಬಂತು.

ಲೂಷಿಯಸ್ ಕುರ್ಚಿ ಉರುಳಿಸಿ ಎದ್ದ. "ಇದು ನಿನ್ನ ಕೆಲಸ! ಯಾವನೋ ನಾಟಕದವನಿಗೆ ಕಾಸು ಕೊಟ್ಟು, ಮರದ ಹಿಂದೆ ಕೂರಿಸಿ, ನಾಲ್ಕು ಜನದ ಮುಂದೆ ನನ್ನ ಮಾನ ತೆಗೀತಿದೀಯ!"

"ನಿನ್ನ ಮಾತು ನೀನೇ ಕೇಳಿಸ್ಕೊಂಡೆಯಲ್ಲ," ಎಂದ ಥೆರಾನ್. "ಆಣೆ ಮಾಡಿದ್ದೆ ನೀನು. ಬಿಟ್ಬಿಡು ಅವ್ರನ್ನ. ಇವತ್ತೇ ಬಿಟ್ಬಿಡು."

"ನಾನು ಬಿಡ್ಬೇಕಾ? ನಾನು! ಮೂರು ದಿನದ ಹಿಂದೆ ಅರ್ಧ ಜನ ನಿನ್ನವರೇ ಆಗಿದ್ರಲ್ಲ, ಆಗ ಏನ್ ಮಾಡ್ದೆ? ನೀನೇ ತಾನೆ ನಂಗೆ ಕೊಟ್ಟಿದ್ದು?"

ಆ ಮಾತಿಗೆ ಥೆರಾನ್ ಕೈಯಿಂದ ಉತ್ತರ ಕೊಟ್ಟ. ಮೇಜು ಉರುಳಿತು. ಇಬ್ಬರೂ ಒಬ್ಬರ ಕತ್ತಿಗೆ ಒಬ್ಬರು ಬಿದ್ದರು. ಅತಿಥಿಗಳು ಬಿಡಿಸಲು ಹೋಗಿ ಅವರೂ ಎರಡು ಪಂಗಡವಾದರು. ಬೆಳಿಗ್ಗೆ ಹಲಗೆಗೋಡೆಯ ಆ ಕಡೆ ಈ ಕಡೆ ಕೂತು ಹಾಡಿದವರೇ ಈಗ ತಟ್ಟೆ, ಬೆತ್ತ, ಬೂಟಿನಲ್ಲಿ ಬಡಿದಾಡಿದರು. ಗೂಳಿಗಳೆರಡು ಗುದ್ದಾಡಿದರೆ ಗಿಡಕ್ಕೆ ಕುತ್ತು, ಆದರೆ ಆ ಒಂದು ಗಳಿಗೆ ಗಿಡಕ್ಕೆ ಉಪಕಾರವೇ ಆಯಿತು. ಹೊಳೆಯ ಕಡೆ ಯಾರೂ ನೋಡಲಿಲ್ಲ.

ಹಂಡೆ ಮಾತ್ರ ನಿಲ್ಲಿಸಲಿಲ್ಲ. ಕಳೆದ ವರ್ಷದ ಬರ ಬಂತು. ಹಿರಿಯ ಧಣಿಯ ಸಾವು ಬಂತು. ಲೂಷಿಯಸ್ ತಮ್ಮನ ಎದೆಯ ಮೇಲೆ ಕೂತು, ಕೈ ಎತ್ತಿದವನು ಹಾಗೇ ತಲೆ ತಿರುಗಿಸಿ ಹಂಡೆಯನ್ನು ನೋಡಿದ. ಕಿವಿಗೊಟ್ಟ. ಕೆಜಾಯತ್ತೆಯ ಜ್ವರದ ದನಿ ಸ್ಪಷ್ಟವಾಗಿ ಬಂತು.

"ದೇವ್ರೇ, ನಮ್ಮ ಟೆಂಪಿ ನಾಳೆ ಮಧ್ಯಾಹ್ನ..."

ನಾನು ಹಂಡೆಯ ಅಂಚನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮಗುಚಿದೆ. ಹತ್ತಿರ ಬಟ್ಟೆಯಿತ್ತು, ತೆಗೆದುಕೊಳ್ಳಲು ಹೊತ್ತಿರಲಿಲ್ಲ. ಸಾರೆಲ್ಲ ಬೆಂಕಿಯ ಮೇಲೆ ಸುರಿದು ಬೂದಿ ಭುಗಿಲೆದ್ದಿತು. ಹಂಡೆ ಕೆಂಡದ ಮೇಲೆ ಬೋರಲು ಬಿತ್ತು. ಕೈ ಬಿಡಿಸಿಕೊಂಡಾಗ ನನ್ನ ಚರ್ಮ ಅಂಚಿಗೇ ಅಂಟಿಕೊಂಡಿತ್ತು. ಆಮೇಲೆ ಅಂಗಳದಲ್ಲಿ ನನ್ನ ಕಿರುಚಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಥೆರಾನ್ ಮುಖ ಒರೆಸಿಕೊಂಡು, ಟೋಪಿ ಕೂಡ ತೆಗೆದುಕೊಳ್ಳದೆ ಕುದುರೆ ಹತ್ತಿ ಹೋದ. ದೋಣಿಕಟ್ಟೆಗೆ ಹೋಗಿ ಹೊಳೆ ದಾಟಿ ಉತ್ತರದ ಸೇನೆ ಸೇರಿದನಂತೆ. ಟೆಂಪಿ ಇಲ್ಲ ಎಂದು ಲೂಷಿಯಸ್‌ಗೆ ಗೊತ್ತಾದದ್ದು ಒಂದು ಗಂಟೆಯ ಮೇಲೆ. ನಾಯಿಗಳನ್ನು ಬಿಟ್ಟರು. ನೀರಂಜಿ ಮರದ ಕೆಳಗೆ ಬಟ್ಟೆಯ ಬುಟ್ಟಿ ಮಾತ್ರ ಸಿಕ್ಕಿತು. ಅವತ್ತು ಅವನು ನನಗೆ ಹೊಡೆದದ್ದನ್ನು ಹೇಳುವುದಿಲ್ಲ, ಕೈಯ ಉರಿಯ ಮುಂದೆ ಅದು ತಿಳಿಯಲೂ ಇಲ್ಲ. ಹಂಡೆಯನ್ನು ಹೊಳೆಗೆ ಎಸೆಯಿರಿ ಎಂದ. ಆಳುಗಳು ಎಸೆದೆವು ಎಂದರು. ಎಸೆಯಲಿಲ್ಲ, ಬೋರಲೇ ಹೊತ್ತು ತಂದು ಕೆಜಾಯತ್ತೆಯ ಮಂಚದ ಕೆಳಗೆ ಇಟ್ಟರು. ಎರಡು ವಾರದಲ್ಲಿ ಲೂಷಿಯಸ್ ಕೂಡ ದಕ್ಷಿಣದ ಸೇನೆಗೆ ಹೊರಟ. ಹೆಂಡತಿ ಒಬ್ಬಳೇ ಮಿಸಿಸಿಪಿಗೆ ಹೋದಳು.

ಮೂರನೆಯ ದಿನವೇ ಇನ್ನೊಂದು ಸುದ್ದಿ ಬಂದಿತ್ತು. ಈನೋಸ್‌ನ ದೋಣಿ ಮೂರು ಮೈಲಿ ಕೆಳಗೆ ಮರಳಿನ ದಿಬ್ಬಕ್ಕೆ ತಗುಲಿ ಸಿಕ್ಕಿತು, ಬೋರಲಾಗಿ. ವಾರದ ಮೇಲೆ ಈನೋಸ್‌ನ ಹೆಣ ಸಿಕ್ಕಿತು. ಟೆಂಪಿಯದು ಸಿಗಲಿಲ್ಲ. ಹೊಳೆ ಕೆಲವರನ್ನು ಕೊಡುತ್ತದೆ, ಕೆಲವರನ್ನು ಕೊಡುವುದಿಲ್ಲ, ಎದೆ ಗಟ್ಟಿ ಮಾಡಿಕೋ ಎಂದು ಎಲ್ಲರೂ ಹೇಳಿದರು.

ನಾನು ಗಟ್ಟಿ ಮಾಡಿಕೊಳ್ಳಲಿಲ್ಲ. ದಾಟುವಾಗ ಮಗುಚಿತೋ, ಅವಳನ್ನು ಇಳಿಸಿ ಅವನು ಒಬ್ಬನೇ ತಿರುಗಿ ಬರುವಾಗ ಮಗುಚಿತೋ? ಅದೊಂದೇ ಪ್ರಶ್ನೆ ನಾಲ್ಕು ವರ್ಷ ನನ್ನ ಜೊತೆ ಉಂಡಿತು, ಮಲಗಿತು. ನಡುವೆ ಕೆಜಾಯತ್ತೆ ಸತ್ತಳು. ಸಾಯುವಾಗ ನನ್ನ ಸುಟ್ಟ ಕೈ ಹಿಡಿದು, "ಹಂಡೆ ನಿಂದೇ. ಇನ್ನು ಅಡಗಿಸೋಕೇನೂ ಇಲ್ಲ ಅನ್ನೋ ದಿನ ಬಂದಾಗ ಎತ್ತು, ಅಲ್ಲೀಗಂಟ ಮುಟ್ಬೇಡ" ಎಂದಳು. ಅದನ್ನು ಎತ್ತುವ ದಿನಕ್ಕೇ ನಾನೂ ಕಾಯುತ್ತಿದ್ದೆ. ಟೆಂಪಿ ಅಷ್ಟುದ್ದ ಏನು ಪಿಸುಗುಟ್ಟಿದಳು ಎಂದು ತಿಳಿಯಬೇಕಿತ್ತು. ಸತ್ತಿದ್ದರೂ ಸರಿ, ಅವಳ ದನಿ ಒಂದು ಸಲ ಕೇಳಿದರೆ ಸಾಕಿತ್ತು.

ಕೆಂಟಕಿಯಲ್ಲಿ ನಮಗೆ ಬಿಡುಗಡೆ ಬಂದದ್ದು ಎಲ್ಲರಿಗಿಂತ ತಡವಾಗಿ, ಯುದ್ಧ ಮುಗಿದ ವರ್ಷದ ಡಿಸೆಂಬರಿನಲ್ಲಿ. ಕ್ರಿಸ್ಮಸ್ಸಿನ ವಾರ, ನಡುಹಗಲು, ಕೇರಿಯವರೆಲ್ಲ ಕೆಜಾಯತ್ತೆಯ ಗುಡಿಸಲ ಮುಂದೆ ಸೇರಿದರು. ಥೆರಾನ್ ಬೇಲಿಯ ಆಚೆ ಬಂದು ನಿಂತ. ಯುದ್ಧದಲ್ಲಿ ಅವನ ಎಡಗೈ ಹೋಗಿತ್ತು. ಲೂಷಿಯಸ್ ಟೆನೆಸ್ಸೀಯಲ್ಲಿ ಸತ್ತಿದ್ದ. ಥೆರಾನ್ ಒಳಗೆ ಬರಲಿಲ್ಲ, ಅಲ್ಲಿಂದಲೇ ಕೇಳಿದ.

"ಡೆಲ್ಫಿ, ಅಣ್ಣನ ದನಿ ಇನ್ನೂ ಅದರಲ್ಲಿ ಇದೆಯಾ?"

"ಇಲ್ಲ," ಎಂದೆ. "ಅದು ಅವತ್ತೇ ಮುಗೀತು. ನೀವಿಬ್ರೂ ಕೇಳಿಸ್ಕೊಂಡ್ರಲ್ಲ."

ಅವನು ತಲೆಯಾಡಿಸಿದ. ಅಲ್ಲೇ ಬೇಲಿಯ ಕಂಬ ಹಿಡಿದು ನಿಂತ. ಅವನ ಮೇಲಿನ ನನ್ನ ಸಿಟ್ಟು ಹೋಗಲಿಲ್ಲ, ಆದರೆ ಹೋಗು ಎನ್ನಲೂ ಬಾಯಿ ಬರಲಿಲ್ಲ.

ಇಬ್ಬರು ಗಂಡಸರು ಹಂಡೆಯನ್ನು ಅಂಗಳಕ್ಕೆ ತಂದು ಬಾಯಿ ಮೇಲೆ ಮಾಡಿದರು. ಈ ಸಲ ಬೆಂಕಿ ಬೇಕಾಗಲಿಲ್ಲ. ನಾಲ್ಕು ವರ್ಷ ಎಂಟು ತಿಂಗಳ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಕೆಜಾಯತ್ತೆ ಶುರುಮಾಡಿದಳು.

"...ನೀರಂಜಿ ಮರದ ಕೆಳಗಿಂದ ದಾಟ್ತಾಳೆ. ನೀರು ಅಲ್ಲಾಡಿಸಬೇಡ ತಂದೆ. ಈನೋಸ್ ತೋಳಿಗೆ ಶಕ್ತಿ ಕೊಡು."

ಅಂಗಳದಲ್ಲಿ ಹೆಂಗಸರು ಶಾಲಿನ ಅಂಚು ಬಾಯಿಗೆ ಅದುಮಿಕೊಂಡರು. ಅವಳನ್ನು ಹೂಳಿ ಎರಡು ವರ್ಷವಾಗಿತ್ತು. ದನಿ ಮಾತ್ರ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಹತ್ತಿರವಿತ್ತು. ಅವಳ ಹಿಂದೆ ಈನೋಸ್‌ನ ಗಡಸು ದನಿ ಬಂತು. "ನಾನು ಈಜು ಬಲ್ಲೋನು ದೇವ್ರೇ, ನನ್ನ ಚಿಂತೆ ಬೇಡ. ಹುಡುಗೀನ ನೋಡ್ಕೋ." ನೀರಲ್ಲಿ ಸತ್ತವನ ಮಾತು ಕೇಳಿ, ಆಚೆ ದಡದಿಂದ ಬಂದಿದ್ದ ಅವನ ಹೆಂಡತಿ ಅಲ್ಲೇ ಕುಸಿದಳು.

ಇನ್ನು ಟೆಂಪಿಯ ಸರದಿ. ನಾನು ಮೊಣಕಾಲೂರಿ ಹಂಡೆಯೊಳಗೆ ತಲೆಯನ್ನೇ ಇಟ್ಟೆ.

ಏನೂ ಬರಲಿಲ್ಲ.

ಹಂಡೆ ಮುಗಿಯಿತೆಂದು ಜನ ಮಾತಾಡತೊಡಗಿದರು. ನಾನು ಕೈಯೆತ್ತಿ ತಡೆದೆ. ಮುಗಿದಿರಲಿಲ್ಲ. ಒಳಗೆ ಮೌನವೇ ನಡೆಯುತ್ತಿತ್ತು, ಅವಳು ಅವತ್ತು ಪಿಸುಗುಟ್ಟಿದಷ್ಟೇ ಹೊತ್ತು. ಅವಳು ನಕ್ಕ ಜಾಗ ಬಂದಾಗ ನನಗೆ ಗೊತ್ತಾಯಿತು. ಅಲ್ಲೂ ಏನೂ ಇರಲಿಲ್ಲ. ಯಾರೋ ಒಂದೊಂದೇ ಮಾತನ್ನು ಹುಡುಕಿ ಹೆಕ್ಕಿ ತೆಗೆದುಕೊಂಡು ಹೋಗಿದ್ದರು.

ಆಮೇಲೆ ನಾನು ಗುರುತಿಸದ ಒಬ್ಬ ಹುಡುಗಿಯ ದನಿ, ಅವಸರದಲ್ಲಿ, ಹಲ್ಲು ಕಟಕಟಿಸುತ್ತಾ ಬಂತು. ಒಂದು ಮಾತು ಮುಗಿಯುವಷ್ಟರಲ್ಲಿ ಅದು ನನ್ನದೇ ಎಂದು ತಿಳಿಯಿತು.

"ಅವಳನ್ನ ದಾಟಿಸ್ಬಿಡು. ನಿಂಗೇನು ಬೇಕೋ ತಗೋ. ಅವಳ ದನಿ ಮತ್ತೆ ಯಾವತ್ತೂ ನನ್ನ ಕಿವಿಗೆ ಬೀಳದಿದ್ರೂ ಪರವಾಗಿಲ್ಲ, ಅವಳು ದಾಟ್ಬೇಕು. ಅಷ್ಟೇ."

ಹಂಡೆಯಲ್ಲಿ ಅದರಾಚೆಗೂ ಇತ್ತು, ಯುದ್ಧದ ವರ್ಷಗಳಲ್ಲಿ ಮಂಚದ ಪಕ್ಕ ಕೂತು ಮಾಡಿದ ಪ್ರಾರ್ಥನೆಗಳು. ಜನ ತಮ್ಮ ತಮ್ಮವರದನ್ನು ಕೇಳಿಸಿಕೊಂಡು ಅತ್ತರು. ನಾನು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತೆ. ಕೊಟ್ಟ ಮಾತನ್ನು ಅಷ್ಟು ಅಚ್ಚುಕಟ್ಟಾಗಿ ಯಾರಾದರೂ ನಡೆಸುತ್ತಾರೆಯೇ? ಹಳೆಯ ದನಿಯನ್ನೂ ಬಿಡದ ಹಾಗೆ?

ಥೆರಾನ್ ಆಮೇಲೆ ಓಹಾಯೋದ ಊರೂರಲ್ಲಿ ವಿಚಾರಿಸಿದ, ಕಾಗದ ಬರೆಸಿದ. ಟೆಂಪಿ ಎಂಬ ಹೆಸರಿನವಳು ಯಾರಿಗೂ ಗೊತ್ತಿರಲಿಲ್ಲ. ಅವಳು ಅವತ್ತೇ ಹೋದಳು ಬಿಡು ಎಂದು ಈಗಲೂ ಜನ ಹೇಳುತ್ತಾರೆ. ನಾನು ಅವರಿಗೆ ಒಂದೇ ಮಾತು ಕೇಳುತ್ತೇನೆ. ಸತ್ತ ಕೆಜಾಯತ್ತೆಯ ದನಿ ಬಂತು. ಮುಳುಗಿದ ಈನೋಸ್‌ನ ದನಿ ಬಂತು. ಸತ್ತವರೆಲ್ಲ ಮಾತಾಡಿದರು, ಅವಳೊಬ್ಬಳು ಮಾತಾಡಲಿಲ್ಲ. ಅಂದ ಮೇಲೆ ಅವಳು ದಾಟಿದಳು. ನಾನು ಕೊಡುತ್ತೇನೆಂದ ದನಿಯನ್ನು ದೇವರು ತೆಗೆದುಕೊಂಡಿದ್ದಾನೆ, ಅಂದರೆ ನಾನು ಬೇಡಿದ್ದನ್ನೂ ಕೊಟ್ಟಿದ್ದಾನೆ.

ಈಗ ನನಗೆ ಎಪ್ಪತ್ತು ದಾಟಿದೆ. ಕಿವಿ ಚುರುಕಾಗಿದೆ, ಹೊಳೆಯ ಮೇಲೆ ಹಡಗು ಕೂಗಿದರೆ ಮೊದಲು ನನಗೇ ಕೇಳುತ್ತದೆ. ಆದರೂ ಟೆಂಪಿ ಒಂದು ದಿನ ಬಂದು, ಬಾಗಿಲಲ್ಲಿ ನಿಂತು ಅಕ್ಕಾ ಎಂದು ಕರೆದರೆ ನನಗೆ ಕೇಳುವುದಿಲ್ಲ. ಕೇಳಬಾರದೆಂದು ನಾನೇ ಒಪ್ಪಿಕೊಂಡಿದ್ದೇನೆ. ಕರೆದು ಕರೆದು, ಯಾರೂ ಇಲ್ಲವೆಂದು ಅವಳು ತಿರುಗಿ ಹೋಗಿಬಿಟ್ಟರೆ? ಅದಕ್ಕೇ ಇಷ್ಟು ವರ್ಷಗಳಿಂದ, ಚಳಿಯಿ‍ರಲಿ ಹಿಮವಿರಲಿ, ನಾನು ಬಾಗಿಲು ಮುಚ್ಚಿಲ್ಲ. ಮುಖವನ್ನು ಆ ಕಡೆಗೇ ಮಾಡಿಕೊಂಡು ಕೂರುತ್ತೇನೆ.